ಡಬ್ಬಿಗೊಂದು ನೌಕರಿ

ಯಾವ ವಸ್ತುವನ್ನೇ ಆಗಲಿ, ಒಂದು ಕೆಲಸಕ್ಕೆಂದು ಮಾಡಿ ಹೊರಗೆ ಬಿಟ್ಟರೆ ಸ್ವಲ್ಪ ದಿನದಲ್ಲಿ ಅದು ಬೇರೆ ಕೆಲಸಕ್ಕೆ ಸೇರಿಕೊಂಡಿರುತ್ತದೆ. ಈ ವೃತ್ತಿಯಲ್ಲಿ ನಾನು ಕಲಿತ ಮೊದಲ ನಿಯಮ ಇದು. ಇನ್ನೂ ಅಪವಾದ ಸಿಕ್ಕಿಲ್ಲ. ಐಸ್‌ಕ್ರೀಮ್ ಡಬ್ಬಿಯಲ್ಲಿ ಸೂಜಿ ದಾರ ಇರುತ್ತದೆ, ಒಡೆದ ಬಕೆಟ್ಟಿನಲ್ಲಿ ತುಳಸಿ ಗಿಡ. ನಾನು ಕೆಲಸಕ್ಕೆ ಸೇರಿದ ಕಾಲದ ಹೈದರಾಬಾದಿನಲ್ಲಿ ಮನುಷ್ಯರೂ ಹಾಗೇ ಇದ್ದರು. ಪ್ರಾಣಿಶಾಸ್ತ್ರ ಓದಿದವರು, ಸೇತುವೆ ಕಟ್ಟಲು ಕಲಿತವರು, ಇತಿಹಾಸದಲ್ಲಿ ಎಂ.ಎ. ಮಾಡಿದವರು ಎಲ್ಲರೂ ಅಮೀರ್‌ಪೇಟ್‌ನ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಹೋಗಿ, ಕೆಲವು ತಿಂಗಳಲ್ಲಿ ಸಾಫ್ಟ್‌ವೇರ್‌ನವರಾಗಿ ಹೊರಗೆ ಬರುತ್ತಿದ್ದರು.

ನಾನು ಹೋಗಲಿಲ್ಲ. ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದೆ. ಕಾಲೇಜಿನಲ್ಲಿ ಪ್ರಯೋಗಾಲಯದ ಉಪಕರಣಗಳ ಚಿತ್ರ ಬರೆಯುತ್ತಿದ್ದೆ. ಅವನ್ನು ನೋಡಿ ಬಾಲಾನಗರದ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯ ಮಾಲೀಕರು ನನ್ನನ್ನು ತೆಗೆದುಕೊಂಡರು. ಬಕೆಟ್, ಮಗ್ಗು, ಊಟದ ಡಬ್ಬಿ ಮಾಡುವ ಕಾರ್ಖಾನೆ. ಹೊಸ ನಮೂನೆ ಯೋಚಿಸುವುದು ನನ್ನ ಕೆಲಸ. ಹುದ್ದೆಯ ಹೆಸರು ಪ್ರಾಡಕ್ಟ್ ಡಿಸೈನರ್. ಷರತ್ತು ಒಂದೇ: ಆರು ತಿಂಗಳೊಳಗೆ ನನ್ನ ಒಂದಾದರೂ ವಸ್ತು ಅಚ್ಚಿಗೆ ಹೋಗಬೇಕು, ಇಲ್ಲವಾದರೆ ನಾನು ಮನೆಗೆ ಹೋಗಬೇಕು.

ಮನೆ ಎಂದರೆ ಕೂಕಟ್‌ಪಲ್ಲಿಯಲ್ಲಿ ಕಾಕಾ, ಕಾಕು, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಇದ್ದ ಫ್ಲ್ಯಾಟು. ಕಾಕಾ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನನ್ನ ಕೆಲಸದ ವಿವರವನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ.

"ಬಕೀಟು ಮೊದಲ ಐತೆಲ್ಲವಾ. ಅದರಾಗ ಹೊಸಾದು ಏನ ಮಾಡ್ತಿ?"

ಕಾಕಾ ಮುಂದಿನ ವಾರವೇ ಅಮೀರ್‌ಪೇಟ್‌ನ ಒಂದು ತರಬೇತಿ ಕೇಂದ್ರಕ್ಕೆ ಹೋಗಿ, ಆರು ತಿಂಗಳ ನಂತರ ಶುರುವಾಗುವ ಬ್ಯಾಚಿನಲ್ಲಿ ನನಗೊಂದು ಸೀಟು ಹಿಡಿದು ಬಂದ. ಸಾಫ್ಟ್‌ವೇರ್ ಟೆಸ್ಟಿಂಗ್.

"ಟೆಸ್ಟಿಂಗ್ ಅಂದ್ರ ಏನ್ರಿ?" ಕಾಕು ಅಡುಗೆಮನೆಯಿಂದ ಕೇಳಿದಳು.

"ಬ್ಯಾರೆಯವರು ಮಾಡಿದ್ದರಾಗ ತಪ್ಪು ಹುಡುಕೂದು."

ಕಾಕು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಅದಕ್ಕ ಕೋರ್ಸ್ ಬೇಕೇನು?"

ಎಲೆ ನೋಡಿದ್ದು

ಮೊದಲ ದಿನ ಮಾಲೀಕರು ನನ್ನ ಕುರ್ಚಿ ತೋರಿಸಿದರು. ನಾನು ಕೂತೆ. ತಕ್ಷಣ ಎಬ್ಬಿಸಿದರು. ಅವರದು ತೆಲುಗು, ನನ್ನ ಜೊತೆ ಅರ್ಧ ತೆಲುಗು, ಅರ್ಧ ಹಿಂದಿ.

"ಏಮ್ಮಾ, ಇಲ್ಲಿ ಕೂತರೆ ಏನೂ ಹೊಳೆಯೋದಿಲ್ಲ. ಹೊರಗೆ ಸುತ್ತು. ಇನ್‌ಸ್ಪಿರೇಷನ್ ತಗೊಂಡು ಬಾ."

"ಅದನ್ನ ಯಾವ ರೂಪದಲ್ಲಿ ಕೊಡಬೇಕು ಸರ್?"

"ಮೊದಲು ಸಿಗಲಿ. ರೂಪ ಆಮೇಲೆ ನೋಡೋಣ."

ನಿಸರ್ಗದಿಂದ ಸ್ಫೂರ್ತಿ ಪಡೆಯಬೇಕೆಂದು ಎಲ್ಲೋ ಓದಿದ್ದೆ. ಮನೆಗೆ ಹತ್ತಿರದಲ್ಲಿದ್ದ ನಿಸರ್ಗ ಎಂದರೆ ಒಂದು ಕೆರೆ, ಅದರ ಸುತ್ತ ಒಂದು ಪಾರ್ಕು. ದಂಡೆಯ ಬೆಂಚಿನ ಮೇಲೆ ಕೂತು ತಾವರೆ ಎಲೆಯ ಮೇಲೆ ನೀರು ಉರುಳುವುದನ್ನು ನೋಡುತ್ತಿದ್ದೆ. ಬಹಳ ಹೊತ್ತು ನೋಡಿರಬೇಕು. ಪಾರ್ಕಿನ ವಾಚ್‌ಮನ್ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ವಯಸ್ಸಾದವನು.

"ಇಂಟರ್‌ವ್ಯೂ ಫೇಲಾಯ್ತೇನಮ್ಮಾ?" ತೆಲುಗಿನಲ್ಲಿ ಮೆಲ್ಲಗೆ ಕೇಳಿದ.

"ಇಲ್ಲ. ನಾನು ಎಲೆ ನೋಡ್ತಿದ್ದೀನಿ."

"ಎಲ್ಲರೂ ಹೀಗೇ ಹೇಳ್ತಾರೆ." ಕೋಲನ್ನು ಬೆಂಚಿಗೆ ಒರಗಿಸಿ, "ಜಾವಾ ಬಿಡು, ಕಷ್ಟ. ಟೆಸ್ಟಿಂಗ್ ಮಾಡು. ನನ್ನ ಮಗಳೂ ಅದನ್ನೇ ಮಾಡಿದ್ದು" ಅಂದ.

ನಾನು ಏಳುವವರೆಗೂ ಅವನು ಏಳಲಿಲ್ಲ. ಗೇಟಿನ ತನಕ ಜೊತೆಗೇ ಬಂದ. ಹೊರಗಿನ ಚಹಾ ಅಂಗಡಿಯವನಿಗೆ ಕೂಗಿ ಹೇಳಿದ: "ಇಂಟರ್‌ವ್ಯೂ ಫೇಲಾದವರಲ್ಲಿ ಇನ್ನೊಬ್ಬಳು. ಚಹಾ ಕೊಡು. ಸಕ್ಕರೆ ಜಾಸ್ತಿ ಹಾಕು."

ಎಲೆಯ ಬಗ್ಗೆ ಅವತ್ತು ತಿಳಿದುಕೊಂಡದ್ದು ಇಷ್ಟು: ನೀರು ಅಂಟುವುದಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ಚಹಾ ಮಾತ್ರ ಚೆನ್ನಾಗಿತ್ತು.

ಬಸ್ಸಿನಲ್ಲಿ ಅಧ್ಯಯನ

ತಾವರೆ ಎಲೆಯ ಆಕಾರದ ಸಾಬೂನು ತಟ್ಟೆಯ ಚಿತ್ರ ಬರೆದುಕೊಟ್ಟೆ. ಮಾಲೀಕರು ಅದನ್ನು ತಿರುಗಿಸಿ ನೋಡಿದರು, ಬೋರಲು ಮಾಡಿ ನೋಡಿದರು. ಆಮೇಲೆ ವಿಷಯವನ್ನೇ ಬದಲಿಸಿದರು. "ಬೆಳಿಗ್ಗೆಯಾದರೆ ಅರ್ಧ ಊರು ಡಬ್ಬಿ ಹಿಡಕೊಂಡು ಹೈಟೆಕ್ ಸಿಟಿ ಕಡೆ ಹೋಗ್ತಿದೆ. ಅವರಿಗೊಂದು ಹೊಸ ಡಬ್ಬಿ ಮಾಡು."

ಇದು ಸ್ಪಷ್ಟವಾದ ಪ್ರಶ್ನೆ. ನನಗೆ ಸಮಾಧಾನವಾಯಿತು. ಮೊದಲು ವೀಕ್ಷಣೆ, ಆಮೇಲೆ ಊಹೆ, ಆಮೇಲೆ ಪ್ರಯೋಗ. ಮರುದಿನದಿಂದ ಬೆಳಿಗ್ಗೆ ಹೈಟೆಕ್ ಸಿಟಿ ಬಸ್ಸು ಹತ್ತಿ, ಜನ ಡಬ್ಬಿಯನ್ನು ಹೇಗೆ ಹಿಡಿಯುತ್ತಾರೆ ಎಂದು ನೋಡತೊಡಗಿದೆ.

ನಮ್ಮ ಕಾರ್ಖಾನೆಯ ಡಬ್ಬಿಗೆ ಗಟ್ಟಿಯಾದ ಹಿಡಿಕೆ ಇತ್ತು. ಬಸ್ಸಿನಲ್ಲಿ ಯಾರೂ ಹಿಡಿಕೆ ಹಿಡಿದಿರಲಿಲ್ಲ. ಎಲ್ಲರೂ ಡಬ್ಬಿಯನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದರು. ಇದು ಮುಖ್ಯ ಅನ್ನಿಸಿತು. ಹೆಂಗಸೊಬ್ಬಳ ಡಬ್ಬಿಯನ್ನು ಹತ್ತಿರದಿಂದ ನೋಡಲು ಸ್ವಲ್ಪ ಬಾಗಿದೆ. ಅವಳು ಡಬ್ಬಿಯನ್ನು ಈ ಕಡೆಯ ತೋಳಿನಿಂದ ಆ ಕಡೆಗೆ ಬದಲಿಸಿದಳು. ನಾನೂ ಆ ಕಡೆಗೆ ಬಾಗಿದೆ.

"ಏನು ನೋಡ್ತಿದ್ದೀಯಾ?" ತೆಲುಗಿನಲ್ಲಿ ಗದರಿದಳು.

"ನಿಮ್ಮ ಡಬ್ಬಿ."

ಕಂಡಕ್ಟರ್ ಕತ್ತು ಹೊರಳಿಸಿದ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಆಗ ಬಹಳ ತೆಳ್ಳಗಿದ್ದೆ.

"ಹಾಸ್ಟೆಲ್ಲಾ?" ದನಿ ಬದಲಾಗಿತ್ತು.

ನಾನು ಅಲ್ಲ ಅನ್ನುವುದರೊಳಗೆ ಮುಚ್ಚಳ ತೆಗೆದು ಹುಣಸೆ ಹುಳಿಯ ಪುಳಿಹೋರ ಅನ್ನ ಮುಂದೆ ಹಿಡಿದಿದ್ದಳು. "ಹಸಿವಾದರೆ ಬಾಯಿಬಿಟ್ಟು ಕೇಳಬೇಕು. ಹೀಗೆ ಡಬ್ಬಿ ಕಡೆ ನೋಡ್ತಾ ನಿಲ್ಲಬಾರದು." ಹಿಂದಿನ ಸೀಟಿನವರು ಒಂದು ಇಡ್ಲಿ ಕೊಟ್ಟರು. ಬೇಡವೆನ್ನಲು ಆಗಲಿಲ್ಲ. ಕಂಡಕ್ಟರ್ ನನಗೊಂದು ಸೀಟು ಬಿಡಿಸಿ ಕೊನೆಯ ಸ್ಟಾಪಿನವರೆಗೂ ಕೂರಿಸಿದ.

ಸಂಜೆ ಕಾಕಾನಿಗೆ ಹೇಳಿದೆ. ಅವನು ಮೊದಲ ಸಲ ನನ್ನ ಕೆಲಸದ ಬಗ್ಗೆ ಒಳ್ಳೆಯ ಮಾತಾಡಿದ: "ನೌಕರಿ ಹೆಂಗರ ಇರಲಿ. ಊಟಾ ಕೊಡಾಕತ್ತಾರ."

ಅಭಿಪ್ರಾಯ ಸಂಗ್ರಹ

ಬರೀ ನೋಡಿದರೆ ಸಾಲದು, ಜನರನ್ನು ಕೇಳಬೇಕು ಎಂದು ತೀರ್ಮಾನಿಸಿದೆ. ಡಬ್ಬಿ ಒಯ್ಯುವ ಹುಡುಗ ಹುಡುಗಿಯರು ಒಂದೇ ಕಡೆ ಸಿಗುವ ಜಾಗ ಅಮೀರ್‌ಪೇಟ್. ಕೆಲವು ಪ್ರಶ್ನೆಗಳನ್ನು ಹಾಳೆಯಲ್ಲಿ ಟೈಪ್ ಮಾಡಿಸಿ, ಹಾಳೆಯನ್ನು ರಟ್ಟಿಗೆ ಸಿಕ್ಕಿಸಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತರಬೇತಿ ಕೇಂದ್ರಗಳ ಸಾಲಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಪಕ್ಕ ನಿಂತೆ.

ನನ್ನ ತಪ್ಪು ಅಲ್ಲೇ ಆಗಿತ್ತು. ಅಮೀರ್‌ಪೇಟ್‌ನಲ್ಲಿ ಇಸ್ತ್ರಿ ಬಟ್ಟೆ ಹಾಕಿ, ಕೈಯಲ್ಲಿ ಹಾಳೆ ಹಿಡಿದು, ಪ್ರಶ್ನೆ ಕೇಳುವವರು ಯಾರು ಎಂದು ನಾನು ಯೋಚಿಸಿರಲಿಲ್ಲ.

ಮೊದಲ ಹುಡುಗನನ್ನು ನಿಲ್ಲಿಸಿ, "ನಿಮ್ಮ ಊಟದ ಡಬ್ಬಿಯಲ್ಲಿ ಏನು ತೊಂದರೆ ಇದೆ?" ಎಂದು ಕೇಳಿದೆ. ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ತೊಂದರೆಯನ್ನು ನಾನು ಸವಾಲು ಅಂತ ತಗೋತೀನಿ ಮೇಡಂ."

"ಅಲ್ಲ, ಸೋರುತ್ತಾ?"

"ಸೋರಿದರೂ ಟೀಮ್ ಜೊತೆ ಹೊಂದಿಕೊಂಡು ಕೆಲಸ ಮಾಡ್ತೀನಿ."

ಅವನ ಹಿಂದೆ ಇನ್ನೊಬ್ಬ ನಿಂತ. ಅವನ ಹಿಂದೆ ಮತ್ತೊಬ್ಬಳು. ತಿರುಗಿ ನೋಡುವುದರೊಳಗೆ ಸಾಲು ಜೆರಾಕ್ಸ್ ಅಂಗಡಿ ದಾಟಿತ್ತು. ಯಾವ ಕಂಪನಿ ಎಂದು ಸಾಲಿನ ಕೊನೆಯವರು ಕೇಳುತ್ತಿದ್ದರು. ಡಬ್ಬಿಯ ಪ್ರಶ್ನೆ ಕೇಳ್ತಿದ್ದಾರೆ, ತರ್ಕಶಕ್ತಿಯ ಪರೀಕ್ಷೆ ಇರಬೇಕು ಎಂದು ಮಧ್ಯದವರು ಹೇಳುತ್ತಿದ್ದರು. ಅಂಗಡಿಯವನಿಗೆ ಪುರಸತ್ತಿಲ್ಲದಷ್ಟು ವ್ಯಾಪಾರ. ನಾನು ಎಷ್ಟು ಸಲ ಅಲ್ಲವೆಂದರೂ ಯಾರೂ ನಂಬಲಿಲ್ಲ. ಅಲ್ಲವೆನ್ನುವುದೂ ಪರೀಕ್ಷೆಯ ಭಾಗ ಎಂದುಕೊಂಡರು.

ಕಾರ್ಖಾನೆಗೆ ವಾಪಸ್ ಬಂದಾಗ ನನ್ನ ಚೀಲದ ತುಂಬ ಬಯೋಡೇಟಾ ಇದ್ದವು. ಡಬ್ಬಿಯ ಬಗ್ಗೆ ಒಂದು ಅಭಿಪ್ರಾಯವೂ ಇರಲಿಲ್ಲ.

ಮಾಲೀಕರು ಕಟ್ಟನ್ನು ತಮ್ಮ ಕಡೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದಾಗಿ ಓದತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆ ಕೇಳಿದರು: "ಇದರಲ್ಲಿ ಡಿಸೈನರ್ ಯಾರಾದರೂ ಇದ್ದಾರಾ?"

ನಾನು ಕಟ್ಟನ್ನು ಮೆಲ್ಲಗೆ ಅವರ ಮುಂದಿನಿಂದ ತೆಗೆದು ಕಪಾಟಿಗೆ ಹಾಕಿದೆ.

ನಾಲ್ಕು ಖೋಲಿ

ಅಷ್ಟರಲ್ಲಿ ಅರ್ಧ ಅವಧಿ ಮುಗಿದಿತ್ತು. ಕಾಕಾ ದಿನಾ ಕೇಳುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಬ್ಯಾಚಿನ ತಾರೀಕಿಗೆ ಒಂದು ದುಂಡು ಗುರುತು ಹಾಕಿದ್ದ, ಅಷ್ಟೇ. ಊಟಕ್ಕೆ ಕೂತರೆ ಅದು ನನ್ನ ಎದುರಿಗೇ ಬರುತ್ತಿತ್ತು.

ಸ್ಫೂರ್ತಿ ಬಿಟ್ಟು ಶುದ್ಧ ವಿಜ್ಞಾನಕ್ಕೆ ಬಂದೆ. ಡಬ್ಬಿಯ ಮೂಲ ಸಮಸ್ಯೆ ಪದಾರ್ಥಗಳು ಬೆರೆಯುವುದು. ಅನ್ನಕ್ಕೆ ಸಾರು, ಪಲ್ಯಕ್ಕೆ ಮೊಸರು. ನಾಲ್ಕು ಭಾಗದ ಡಬ್ಬಿ ಮಾಡಿದೆ. ಪ್ರತಿ ಭಾಗಕ್ಕೂ ರಬ್ಬರಿನ ಅಂಚು. ಬೋರಲು ಹಾಕಿದರೂ ಒಂದು ಹನಿ ಈ ಕಡೆಯಿಂದ ಆ ಕಡೆಗೆ ಹೋಗುವುದಿಲ್ಲ. ಈ ಡಬ್ಬಿಯ ಬಗ್ಗೆ ನನಗೆ ಹೆಮ್ಮೆ ಇತ್ತು. ಮಾಲೀಕರೂ ಮೆಚ್ಚಿದರು. "ಮನೇಲಿ ಬಳಸಿ ನೋಡು, ಆಮೇಲೆ ಅಚ್ಚು" ಅಂದರು.

ಮಾದರಿಯನ್ನು ಕಾಕುಗೆ ಕೊಟ್ಟೆ. ಅವಳು ಒಳಗೆ ನೋಡಿ, "ನೀ ನಾಕ ಖೋಲಿ ಕಟ್ಟೀದಿ. ತುಂಬೋರು ಯಾರು?" ಅಂದಳು. ಮರುದಿನ ಡಬ್ಬಿ ಕಟ್ಟಿ ಕಾಕಾನ ಕೈಗೆ ಕೊಟ್ಟಳು.

ಸಂಜೆ ಕಾಕಾ ಬಂದ ಕೂಡಲೇ ಕೇಳಿದೆ. "ಹೆಂಗಿತ್ತು ಕಾಕಾ? ಬೆರೀತೇನು?"

"ಬೆರೀಲಿಲ್ಲ." ಚಪ್ಪಲಿ ಬಿಡುತ್ತ ಹೇಳಿದ. "ನಾಕೂ ಖೋಲ್ಯಾಗ ಉಪ್ಪಿಟ್ಟ ಇತ್ತು."

ಎರಡನೆಯ ದಿನ ನಾನು ಬೇಡಿಕೊಂಡ ಮೇಲೆ ಕಾಕು ನಾಲ್ಕು ಪದಾರ್ಥ ಮಾಡಿ ತುಂಬಿದಳು. ಸಂಜೆ ಕಾಕಾನ ಮುಖ ಇನ್ನೂ ಗಂಭೀರವಾಗಿತ್ತು.

"ಡಬ್ಬಿ ಭಾಳ ಚಲೋ ಐತವಾ. ಕ್ಯಾಂಟೀನಿನ್ಯಾಗ ಒಂದು ತಾಟು ಇಸಗೊಂಡೆ. ನಾಕೂ ಅದಕ್ಕ ಸುರುವಿ, ಕಲಿಸಿ ಉಂಡೆ."

ಇನ್ನೊಂದು ಮಾದರಿ ಒಯ್ದಿದ್ದ ಮಾಲೀಕರ ಮನೆಯಲ್ಲೂ ಅದೇ ಆಗಿತ್ತು. ಅಚ್ಚಿನ ಮಾತು ಮತ್ತೆ ಬರಲಿಲ್ಲ. ಅವತ್ತು ಊಟಕ್ಕೆ ಕೂತು ಎಲ್ಲರ ತಾಟುಗಳನ್ನು ನೋಡಿದೆ. ಕಾಕಾ ಕಲಿಸುತ್ತಿದ್ದ, ಕಾಕು ಕಲಿಸುತ್ತಿದ್ದಳು. ನನ್ನ ಕೈಯೂ ಕಲಿಸುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ದಿನಾ ಮಾಡಿದ ಕೆಲಸವನ್ನು ಮರೆತು ನಾನು ಡಬ್ಬಿ ಮಾಡಿದ್ದೆ.

ಗಂಟು

ಕಾಕಾ ನನ್ನ ಡಬ್ಬಿ ಬಿಟ್ಟು ತನ್ನ ಹಳೇ ಪದ್ಧತಿಗೆ ಹೋದ. ಜೋಳದ ಖಡಕ್ ರೊಟ್ಟಿ. ಅಗಲವಾಗಿ, ಹಪ್ಪಳದಂತೆ ಗರಿಗರಿಯಾಗಿ ಇರುತ್ತದೆ. ಯಾವ ಡಬ್ಬಿಗೂ ಹೋಗುವುದಿಲ್ಲ, ಮಡಚಿದರೆ ಪುಡಿ. ಕಾಕು ಒಂದು ತಾಟಿನ ಮೇಲೆ ರೊಟ್ಟಿ ಪೇರಿಸಿ, ಅರಿವೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದಳು. ಕಾಕಾ ಅದನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತುತ್ತಿದ್ದ. ಮಧ್ಯಾಹ್ನ ಅದೇ ತಾಟಿನಲ್ಲಿ ಪಲ್ಯ ಹಾಕಿಕೊಂಡು ಉಣ್ಣುತ್ತಿದ್ದ.

ಅವನು ಹಾಗೆ ಬಾಗಿಲು ದಾಟುವುದನ್ನು ನಾನು ದಿನಾ ನೋಡುತ್ತಿದ್ದೆ. ಅವತ್ತು ಮಾತ್ರ ಕಣ್ಣಿಗೆ ಬಿತ್ತು. ಸ್ಫೂರ್ತಿ ಎಂದರೆ ಇಷ್ಟೇ ಇರಬೇಕು: ನೋಡಿದ್ದನ್ನೇ ನೋಡುವಾಗ ಒಂದು ದಿನ ಕಾಣುವುದು. ಅದನ್ನು ಯಾವ ರೂಪದಲ್ಲಿ ಕೊಡಬೇಕೆಂದೂ ಈಗ ಗೊತ್ತಾಗಿತ್ತು. ಅಗಲ, ದುಂಡು, ಚಪ್ಪಟೆ. ಅವಚಿಕೊಳ್ಳಲು ಬರಬೇಕು. ಮುಚ್ಚಳವೇ ತಾಟಾಗಬೇಕು.

ಮಾದರಿ ಮಾಡಿ ಕಾಕುಗೆ ಕೊಟ್ಟೆ. ಅವಳು ಅದನ್ನು ಕಟ್ಟೆಯಿಂದ ಕೆಳಗೆ ಬೀಳಿಸಿದಳು. "ಬಸ್ಸಿನ್ಯಾಗ ಯಾರರ ಕೂತ್ರ?" ಎಂದು ಅದರ ಮೇಲೆ ಕೂತು ನೋಡಿದಳು. ಎಣ್ಣೆ ಕೈಯಲ್ಲಿ ಮುಚ್ಚಳ ತೆಗೆದು, ಜಾರುತ್ತದೆ ಎಂದಳು. ಮರುದಿನ ರೊಟ್ಟಿ ಮುರಿದು ತೋರಿಸಿದಳು. "ಮೆತ್ತಗಾಗ್ಯಾವ. ಗಾಳಿ ಆಡಾಕ ತೂತು ಬೇಕು."

ಮುಚ್ಚಳಕ್ಕೆ ತೂತು ಹಾಕಿಸಿ ತಂದೆ.

"ಮುಚ್ಚಳಾನ ತಾಟು ಅಂದಿ. ತಾಟಿಗೆ ತೂತು ಹಾಕೀದಿ. ಪಲ್ಲೆದ ರಸಾ ನಿಮ್ಮ ಕಾಕಾನ ಪ್ಯಾಂಟಿಗೆ ಹೋಗಬೇಕೇನು?"

ತೂತುಗಳನ್ನು ಡಬ್ಬಿಯ ಪಕ್ಕಕ್ಕೆ ಸರಿಸಿದೆ. ಅವಳು ಎಲ್ಲ ಕಡೆ ಬೆರಳಾಡಿಸಿ, ಮತ್ತೇನೂ ಹೇಳದೆ ಒಳಗೆ ಹೋದಳು. ಕಾಕು ಸುಮ್ಮನಾದಳೆಂದರೆ ಪಾಸು.

ಮೂವರು ವ್ಯಾಪಾರಿಗಳು

ಮಾಲೀಕರು ಪಾಸು ಮಾಡಲಿಲ್ಲ. "ರೊಟ್ಟಿ? ಈ ಊರಲ್ಲಿ ಅನ್ನ ತಿಂತಾರಮ್ಮಾ." ಆದರೆ ಆ ವಾರ ಸಗಟು ವ್ಯಾಪಾರಿಗಳು ಬರುವವರಿದ್ದರು. ಅವರು ಬೇಕೆಂದ ವಸ್ತುವಿಗೇ ಅಚ್ಚು ಮಾಡಿಸುವುದು ಕಾರ್ಖಾನೆಯ ಪದ್ಧತಿ. "ಮೇಜಿನ ಕೊನೆಗೆ ಇಡು. ನೋಡಿದರೆ ನೋಡಲಿ" ಅಂದರು. ನನ್ನ ಅವಧಿಯಲ್ಲಿ ಅದೇ ಕೊನೆಯ ಸಭೆ.

ಡಬ್ಬಿಯ ಉಪಯೋಗ ನೋಡಿದ ಕೂಡಲೇ ತಿಳಿಯಲೆಂದು ಒಳಗೆ ಕಾಕು ಮಾಡಿದ ರೊಟ್ಟಿ ಜೋಡಿಸಿಟ್ಟೆ. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಮೂವರು ಬಂದರು. ಬಕೆಟ್ ನೋಡಿದರು, ಮಗ್ಗು ನೋಡಿದರು. ಮೇಜಿನ ಕೊನೆಗೆ ಬಂದು ಒಬ್ಬರು ಮುಚ್ಚಳ ತೆಗೆದರು.

"ಆಹಾ, ತಿಂಡಿ ಕೂಡ ಇಟ್ಟಿದ್ದಾರೆ."

ನಾನು ಬಾಯಿ ತೆರೆಯುವುದರೊಳಗೆ ಚಹಾ ಬಂತು. ಮೂವರೂ ರೊಟ್ಟಿ ಮುರಿದು ತಿನ್ನತೊಡಗಿದರು. ಚೆನ್ನಾಗಿದೆ, ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಪೂರ್ತಿ ಖಾಲಿ ಮಾಡಿ, ಚೂರು ಝಾಡಿಸಿ, ಆಮೇಲೆ ಖಾಲಿ ಡಬ್ಬಿಯನ್ನು ಎತ್ತಿ ನೋಡಿದರು.

"ಇದು ಯಾತಕ್ಕೆ?" ಒಬ್ಬರು ಕೇಳಿದರು.

"ಬಳೆಗೆ" ಎಂದರು ಎರಡನೆಯವರು. "ಮದುವೆ ಬಳೆ ಇಡೋಕೆ ಸರಿಯಾದ ಅಗಲ."

"ಬಳೆಗೆ ತೂತು ಯಾಕ್ರೀ? ಇದು ಪೂಜೆ ಹೂವಿಗೆ. ಬಾಡಬಾರದು ಅಂತ ಗಾಳಿ ಬಿಟ್ಟಿದ್ದಾರೆ" ಎಂದರು ಮೂರನೆಯವರು.

ಮೊದಲಿನವರು ಇಬ್ಬರನ್ನೂ ನೋಡಿ ನಕ್ಕರು. "ನೀವು ಇನ್ನೂ ಹಳೇ ಕಾಲದಲ್ಲೇ ಇದ್ದೀರಿ. ದುಂಡಗಿದೆ, ಚಪ್ಪಟೆ ಇದೆ. ಸಿ.ಡಿ. ಡಬ್ಬಿ ಇದು. ಅಮೀರ್‌ಪೇಟ್‌ಗೆ ಎಷ್ಟು ಕಳಿಸಿದರೂ ಹೋಗುತ್ತೆ."

ಮೂವರಿಗೂ ಬೇಕಾಗಿತ್ತು. ನಾನು ಎದ್ದು ನಿಂತೆ. "ಸರ್, ವಾಸ್ತವವಾಗಿ ಇದು..."

ಮಾಲೀಕರು ನನ್ನ ಚಹಾ ಲೋಟವನ್ನು ನನ್ನ ಕೈಗೆ ಕೊಟ್ಟು ಕೂರಿಸಿದರು. ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಸುಮ್ಮನಿರಮ್ಮಾ. ಏನು ಅಂತ ಹೇಳಿದರೆ ಒಬ್ಬ ತಗೋತಾನೆ. ಹೇಳದಿದ್ದರೆ ಮೂವರೂ ತಗೋತಾರೆ."

ಡಬ್ಬಿ ಅಚ್ಚಿಗೆ ಹೋಯಿತು. ನನ್ನ ನೌಕರಿ ಉಳಿಯಿತು. ಕಾರ್ಖಾನೆಯ ಪಟ್ಟಿಯಲ್ಲಿ ಅದರ ಹೆಸರು ಇಂದಿಗೂ "ದುಂಡು, ಚಪ್ಪಟೆ, ತೂತು ಸಹಿತ" ಎಂದೇ ಇದೆ.

ಸೀಟು

ಉಳಿದದ್ದು ಅಮೀರ್‌ಪೇಟ್‌ನ ಸೀಟು. ರದ್ದು ಮಾಡಲು ಬರುವುದಿಲ್ಲ, ಬೇಕಾದರೆ ಬೇರೆ ಯಾರಾದರೂ ಕೂರಬಹುದು, ಯಾವ ಡಿಗ್ರಿಯಾದರೂ ನಡೆಯುತ್ತದೆ ಎಂದು ಕೇಂದ್ರದವರು ಹೇಳಿದರು. ಕಾಕಾ ಪರಿಚಯದವರನ್ನೆಲ್ಲ ಕೇಳಿ ಬಂದ. ಎಲ್ಲರೂ ಆಗಲೇ ಯಾವುದೋ ಒಂದು ಕೋರ್ಸಿನಲ್ಲಿದ್ದರು.

"ಸುಮ್ನ ಖಾಲಿ ಹೋಗತೈತಿ" ಎಂದು ಊಟಕ್ಕೆ ಕೂತು ಕೊರಗಿದ.

"ನಂದು ಬಿ.ಎ. ಆಗೇತಿ" ಎಂದಳು ಕಾಕು, ರೊಟ್ಟಿ ನೀಡುತ್ತ.

ಕಾಕಾ ನಕ್ಕ. ಅವಳು ನಗಲಿಲ್ಲ. ಸೋಮವಾರ ನಾವಿಬ್ಬರೂ ಜೊತೆಯಲ್ಲಿ ಬಸ್ಸಿಗೆ ಹೋದೆವು; ನಾನು ಬಾಲಾನಗರಕ್ಕೆ, ಅವಳು ಅಮೀರ್‌ಪೇಟ್‌ಗೆ. ಕೆಲವು ವಾರಗಳ ಮೇಲೆ ಕೇಂದ್ರದಿಂದ ಕಾಕಾನಿಗೆ ಫೋನು ಬಂತು. ನಿಮ್ಮ ಮನೆಯವರು ಬಹಳ ಚುರುಕು, ಆದರೆ ಅಭ್ಯಾಸಕ್ಕೆ ಕೊಟ್ಟ ಸಾಫ್ಟ್‌ವೇರ್ ಮುಗಿಸಿ ಈಗ ನಮ್ಮ ಹಾಜರಿ ಪದ್ಧತಿಯಲ್ಲಿ ತಪ್ಪು ಹುಡುಕುತ್ತಿದ್ದಾರೆ, ಸ್ವಲ್ಪ ಹೇಳಿ ನೋಡಿ ಎಂದರು. ಕಾಕಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, "ನಾ ಹೇಳಿ ನೋಡೀನ್ರಿ, ಇಪ್ಪತ್ತ ವರ್ಷ" ಅಂದ.

ಅದೇ ಸಮಯಕ್ಕೆ ಅಚ್ಚಿನಿಂದ ಬಂದ ಮೊದಲ ಡಬ್ಬಿಯನ್ನು ನಾನು ಮನೆಗೆ ತಂದೆ. ಕಾಕುವಿನ ಕೈಗೇ ಕೊಟ್ಟೆ. ಅವಳು ಏನೂ ಹೇಳದೆ ಸೆರಗಿನಿಂದ ಒರೆಸಿದಳು. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಕಾಕಾ ಎಂದಿನಂತೆ ಅರಿವೆಯ ಗಂಟನ್ನು ಎದೆಗೆ ಅವಚಿಕೊಂಡು ಹೊರಟ. ಹಿಂದೆ ಕಾಕು. ಅವಳ ತೋಳಿನಲ್ಲಿ ನನ್ನ ಡಬ್ಬಿ ಇತ್ತು.

"ಕಾಕು, ರೊಟ್ಟಿ ಗಂಟಿನ್ಯಾಗ ಐತಿ. ಡಬ್ಬ್ಯಾಗ ಏನೈತಿ?"

ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಕೋರ್ಸಿನ ಸಿ.ಡಿ.ಗಳು ಪಕ್ಕಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು.

"ಅದು ರೊಟ್ಟಿ ಡಬ್ಬಿ" ಎಂದೆ.

"ರೊಟ್ಟಿಗೆ ಅರಿವಿ ಐತೆಲ್ಲ. ಇವನ್ನ ಅರಿವ್ಯಾಗ ಕಟ್ಟಿದ್ರ ಗೆರಿ ಬೀಳತಾವ." ಮುಚ್ಚಳ ಹಾಕಿದಳು. ಎರಡು ಮೆಟ್ಟಿಲಿಳಿದು ನಿಂತಳು. ಡಬ್ಬಿಯನ್ನು ಬೆಳಕಿಗೆ ಹಿಡಿದು, ಪಕ್ಕದ ಮೇಲೆ ಬೆರಳಾಡಿಸಿದಳು.

"ಎಲ್ಲಾ ಚಲೋ ಮಾಡೀದಿ ತಂಗಿ. ಈ ತೂತು ಯಾಕ ಬಿಟ್ಟಿ? ಧೂಳ ಹೋಗತೈತಿ."